ಪರದೆಯ ಕೆಳಗಿನ ಸಾಲುಗಳು

ಮನೆಯಿಂದ, ಅಡುಗೆಮನೆಯ ಮೇಜು
ಭಾನುವಾರ, ತಾರೀಖು ಇಪ್ಪತ್ತೆರಡು

ಪ್ರೀತಿಯ ಗುಂಡಿ,

ಹೇಗಿದ್ದೀಯಾ? ಬಲಗೈ ಹೆಬ್ಬೆರಳು ವಾಸಿಯಾಯಿತೇ? ಬಿಸಿ ಗಾಜು ತಗುಲಿ ಸುಟ್ಟಿದೆ, ಅದಕ್ಕೇ ಅಕ್ಷರ ಸೊಟ್ಟಗಾಗಿವೆ ಅಂತ ಎರಡು ವಾರದ ಹಿಂದಿನ ಕಾರ್ಡಿನಲ್ಲಿ ನೀನು ಬರೆದಿದ್ದೆ. ಅದಕ್ಕೆ ನಾನು ಕೊಟ್ಟ ಉತ್ತರದಲ್ಲಿ ಹೆಬ್ಬೆರಳಿನ ಸುದ್ದಿಯನ್ನೇ ಎತ್ತಲಿಲ್ಲ. ಈಗ ಕೇಳುತ್ತಿದ್ದೇನೆ. ಗಾಯ ಮಾಯುವ ತನಕ ಕುಲುಮೆಯಿಂದ ಸ್ವಲ್ಪ ದೂರ ನಿಲ್ಲು, ಗಾಜು ಊದುವುದಕ್ಕೆ ಅಲ್ಲಿ ಬೇರೆ ಬಾಯಿಗಳೂ ಇರಬಹುದು. ಗುಂಡಿ ಅಂತ ಕರೆದದ್ದಕ್ಕೆ ಸಿಟ್ಟು ಮಾಡಿಕೊಳ್ಳಬೇಡ. ಅಮ್ಮನ ಹೊಲಿಗೆ ಡಬ್ಬಿಯಿಂದ ಕೋಟಿನ ಗುಂಡಿ ನುಂಗಿ ಮೂರು ದಿನ ಮನೆಮಂದಿಯನ್ನೆಲ್ಲ ಕಾಯಿಸಿದವಳನ್ನು ಬೇರೆ ಏನಂತ ಕರೆಯಲಿ?

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆಗೆ ಆಸ್ಪತ್ರೆಯಲ್ಲಿ ಪಾಳಿ ಬದಲಾಗಿ, ನಾನು ಮನೆಗೆ ಬರುವ ಹೊತ್ತಿಗೆ ಅವಳು ಹೊರಡುತ್ತಾಳೆ; ಬಾಗಿಲಲ್ಲಿ ನಿಂತು ಸಂಸಾರ ಮಾಡುತ್ತಿದ್ದೇವೆ. ನಮ್ಮ ಚಿನಕುರುಳಿಗೆ ಏಳು ತುಂಬಿತು, ಮುಂದಿನ ಎರಡು ಹಲ್ಲು ಬಿದ್ದಿವೆ, ಆದರೂ ಬಾಯಿಗೆ ಬೀಗವಿಲ್ಲ. ಅಮ್ಮ ಈಗಲೂ ಸಿದ್ಧ ಉಡುಪಿನ ಅಂಗಡಿಯವರ ಪ್ಯಾಂಟುಗಳನ್ನು ತಂದು ಉದ್ದ ಗಿಡ್ಡ ಮಾಡಿಕೊಡುತ್ತಾಳೆ. ನಾನು ಅದೇ ಚೀಲ, ಅದೇ ಸೈಕಲ್ಲು, ಅದೇ ಬೀದಿಗಳು. ಅಂಚೆಯವನ ಬದುಕಿನಲ್ಲಿ ಹೊಸ ಸುದ್ದಿಯೆಲ್ಲ ಬೇರೆಯವರದೇ ಅಂತ ಅಪ್ಪ ಹೇಳುತ್ತಿದ್ದರಲ್ಲ, ಹಾಗೆ. ಈ ಸಲ ಮಾತ್ರ ನನ್ನದೇ ಒಂದು ಸುದ್ದಿಯಿದೆ. ಹೇಳಲು ನಾಚಿಕೆಯಾಗುತ್ತದೆ. ಬೆಳಿಗ್ಗೆಯಿಂದ ಎರಡು ಹಾಳೆ ಹರಿದು ಹಾಕಿ ಇದು ಮೂರನೆಯದು.

ನಿನ್ನೆ ಸಿನಿಮಾಕ್ಕೆ ಹೋಗಿದ್ದೆವು. ಜಪಾನಿನವರು ಮಾಡಿದ ಹೊಸ ಬೊಂಬೆ ಸಿನಿಮಾ. ಬೊಂಬೆ ಅಂದರೆ ಮಗಳು ಮೂಗು ಮುರಿಯುತ್ತಾಳೆ, ಅನಿಮೇಷನ್ ಅನ್ನಬೇಕಂತೆ. ಶುಕ್ರವಾರ ಬಿಡುಗಡೆಯಾಗುತ್ತದೆ ಅಂತ ಒಂದು ತಿಂಗಳಿಂದ ನನ್ನ ಪ್ರಾಣ ತಿಂದಿದ್ದಳು. ಮೂರು ಟಿಕೆಟ್ ತಂದಿದ್ದೆ. ಅತ್ತಿಗೆಗೆ ರಜೆ ಸಿಗಲಿಲ್ಲ, ಅಮ್ಮನನ್ನು ಕರೆದೆ. ಅಮ್ಮ ಮೊದಲು ಬಟ್ಟೆ ಕೊಡುವುದಿದೆ ಅಂದಳು, ಆಮೇಲೆ ಕಣ್ಣು ನೋಯುತ್ತದೆ ಅಂದಳು, ಕೊನೆಗೆ ಅದೆಲ್ಲ ನನಗೇನು ತಿಳಿಯುತ್ತದೆ ಅಂದಳು. ಕಾರ್ಟೂನು ತಿಳಿಯುವುದಕ್ಕೆ ಕಾಲೇಜು ಓದಬೇಕೇನು ಅಂತ ನಾನು ನಗಾಡಿದೆ. ನನ್ನ ಲೆಕ್ಕಾಚಾರವೇ ಬೇರೆ ಇತ್ತು. ಅವರಿಬ್ಬರೂ ಸಿನಿಮಾ ನೋಡುತ್ತಾರೆ, ನಾನು ಮೆತ್ತನೆಯ ಕುರ್ಚಿಯಲ್ಲಿ ಒಂದು ನಿದ್ದೆ ತೆಗೆಯುತ್ತೇನೆ ಅಂತ.

ನಿದ್ದೆ ಬರಲಿಲ್ಲ. ಒಂದು ಪಟ್ಟಣದಲ್ಲಿ ಇದ್ದಕ್ಕಿದ್ದಂತೆ ಗಾಳಿ ನಿಂತುಹೋಗುತ್ತದೆ. ಹಗ್ಗದ ಮೇಲಿನ ಬಟ್ಟೆ ಅಲುಗುವುದಿಲ್ಲ, ಹೊಗೆ ಚಿಮಣಿಯ ಬಾಯಲ್ಲೇ ಗುಡ್ಡೆಯಾಗಿ ಕೂರುತ್ತದೆ, ಹಕ್ಕಿಗಳು ನಡೆದುಕೊಂಡು ಊರು ಬಿಡುತ್ತವೆ. ಗಾಳಿಪಟ ಮಾಡುವವನ ಮೊಮ್ಮಗಳು, ನಮ್ಮ ಚಿನಕುರುಳಿಯಷ್ಟೇ ಇರುವವಳು, ಆಕಾಶದಲ್ಲಿ ಈಜುವ ಒಂದು ದೊಡ್ಡ ಮೀಸೆಯ ಮೀನಿನ ಬೆನ್ನೇರಿ ಗಾಳಿಯ ಮನೆ ಹುಡುಕಿಕೊಂಡು ಹೊರಡುತ್ತಾಳೆ. ಮಾತೆಲ್ಲ ಜಪಾನಿ ಭಾಷೆಯಲ್ಲಿ, ಅರ್ಥ ಪರದೆಯ ಕೆಳಗೆ ಕನ್ನಡದ ಬಿಳಿ ಸಾಲುಗಳಲ್ಲಿ. ಆ ಮೀನು ದೊಡ್ಡ ಸುಳ್ಳುಗಾರ, ಬಾಯಿ ತೆರೆದರೆ ಹಾಲ್ ತುಂಬ ನಗು. ನಾನೂ ಹೊಟ್ಟೆ ಹಿಡಿದು ನಕ್ಕೆ.

ನನ್ನ ಮತ್ತು ಮಗಳ ನಡುವೆ ಅಮ್ಮ ಕೂತಿದ್ದಳು. ಅವಳೂ ನಗುತ್ತಿದ್ದಳು, ಆದರೆ ಒಂದು ಗಳಿಗೆ ತಡವಾಗಿ. ಎಲ್ಲರೂ ನಕ್ಕು ಮುಗಿಸುವ ಹೊತ್ತಿಗೆ ಅವಳ ನಗು ಶುರುವಾಗುತ್ತಿತ್ತು. ಓರೆಗಣ್ಣಲ್ಲಿ ನೋಡಿದರೆ ಅವಳು ಪರದೆಯನ್ನಲ್ಲ, ಮೊಮ್ಮಗಳ ಮುಖ ನೋಡುತ್ತಿದ್ದಳು. ಇಷ್ಟು ದೂರ ಕರೆದುಕೊಂಡು ಬಂದದ್ದು ಮಗಳ ಮುಖ ನೋಡುವುದಕ್ಕಾ, ಅದು ಮನೆಯಲ್ಲೇ ಇರುತ್ತದಲ್ಲ ಅಂತ ನನಗೆ ಒಳಗೊಳಗೇ ರೇಗಿತು. ಮಾತಿಲ್ಲದ ಕಡೆ ಮಾತ್ರ, ಮೀನು ಮೋಡದೊಳಗೆ ಮುಳುಗಿ ಮೇಲೇಳುವ ಕಡೆ, ಅವಳು ಮುಂದಕ್ಕೆ ಬಾಗಿ ಬಾಯಿ ತೆರೆದು ನೋಡಿದಳು. ಅದನ್ನೂ ನಾನು ನೋಡಿದೆ. ನೋಡಿಯೂ ತಲೆಗೆ ಹೋಗಲಿಲ್ಲ ನೋಡು.

ಕೊನೆಗೆ ಗಾಳಿಯ ಮನೆ ಸಿಕ್ಕಿತು. ಗಾಳಿ ಅಂದರೆ ಗುಡ್ಡದಷ್ಟು ದೊಡ್ಡ ಒಬ್ಬ ಮುದುಕಿ, ಮೊಣಕಾಲು ತಬ್ಬಿಕೊಂಡು ಗೋಡೆಯ ಕಡೆ ತಿರುಗಿ ಕೂತಿದ್ದಾಳೆ. ಹುಡುಗಿ ಏನೋ ಕೇಳಿದಳು. ಮುದುಕಿ ಗೋಡೆ ನೋಡುತ್ತಲೇ ಮಾತಾಡಲು ತೊಡಗಿದಳು. ಯಾರೋ ಮೂಗೆಳೆದದ್ದು ಹಾಲ್ ಪೂರ್ತಿ ಕೇಳಿಸಿತು. ಆಗ ಅಮ್ಮ ನನ್ನ ತೋಳು ಮುಟ್ಟಿ, ಏನಂತೆ ಅಂದಳು. ನಾನು ತೋಳು ಎಳೆದುಕೊಂಡೆ. ಇನ್ನೊಂದು ಸಲ ಮುಟ್ಟಿ, ಯಾಕಂತೆ ಹಾಗೆ ಕೂತಿರೋದು ಅಂದಳು. ನನ್ನ ಸಿಟ್ಟು ನಿನಗೆ ಗೊತ್ತೇ ಇದೆ, ಮೂಗಿನ ತುದಿಯಲ್ಲೇ ಅದರ ವಾಸ. ಅಷ್ಟು ಜನರ ನಡುವೆ, ಎಲ್ಲರಿಗೂ ಕೇಳುವ ಹಾಗೆ ಅಂದೆ: "ಕೆಳಗೆ ಬರೆದಿದ್ದಾರಲ್ಲಾ ಅಮ್ಮ, ಕಣ್ಣಿಲ್ವಾ? ಓದ್ಕೋ!"

ಮುಂದಿನ ಸಾಲಿನವರು ತಿರುಗಿ ನೋಡಿದರು. ಅಮ್ಮ ಕೈಚೀಲ ತೆರೆದು ಕನ್ನಡಕ ಹುಡುಕಲು ಶುರುಮಾಡಿದಳು. ಕನ್ನಡಕ ಅವಳ ಮೂಗಿನ ಮೇಲೇ ಇತ್ತು. ಆಗ ನನ್ನ ಮಗಳು, ಪಿಸುಮಾತು ಅಂದರೇನೆಂದೇ ಅರಿಯದವಳು, ಅಮ್ಮನ ಆಚೆಯಿಂದ ತಲೆ ಚಾಚಿ ಹೇಳಿದಳು: "ಅಪ್ಪಾ, ಅಜ್ಜಿಗೆ ಓದೋಕೆ ಬರಲ್ಲ. ನಿಂಗೆ ಗೊತ್ತಿಲ್ವಾ?"

ಗುಂಡಿ, ಆ ಕ್ಷಣ ನೆಲ ಬಾಯಿ ಬಿಟ್ಟಿದ್ದರೆ ನಾನು ತಿರುಗಿ ನೋಡದೆ ಇಳಿದುಬಿಡುತ್ತಿದ್ದೆ. ಅಮ್ಮ ಚೀಲದ ಜಿಪ್ ಎಳೆದು, ಎಲ್ಲರ ಮೊಣಕಾಲು ದಾಟಿಕೊಂಡು ಹೊರಗೆ ಹೋದಳು. ಗಾಳಿ ಮುದುಕಿ ಏನು ಹೇಳಿದಳೋ ನನಗೆ ಇನ್ನೂ ಗೊತ್ತಿಲ್ಲ. ಮಗಳನ್ನು ಕೇಳಿದರೆ, ಅವಳಿಗೆ ಮಂಡಿ ನೋವು ಅಪ್ಪಾ ಅನ್ನುತ್ತಾಳೆ.

ಹೊರಗೆ ಪಾಪ್‌ಕಾರ್ನ್ ಯಂತ್ರದ ಪಕ್ಕದ ಬೆಂಚಿನಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು ಅಮ್ಮ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಎಷ್ಟು ವರ್ಷದಿಂದ ಅಂತ ಕೇಳಿದೆ, ಯಾವುದೋ ಕಾಯಿಲೆಯ ವಿಷಯ ವಿಚಾರಿಸುವವನ ಹಾಗೆ. ಹುಟ್ಟಿದಾಗಿನಿಂದ ಅಂದಳು. ಮದುವೆಯಾದ ಮೊದಲ ವಾರವೇ ಅಪ್ಪನಿಗೆ ಗೊತ್ತಾಗಿತ್ತಂತೆ. ಕಲಿಸಲು ಕೂತರಂತೆ, ಅಷ್ಟರಲ್ಲಿ ನಾನು ಹುಟ್ಟಿದೆ, ಆಮೇಲೆ ನೀನು, ಆಮೇಲೆ ಹೊಲಿಗೆ, ಆಮೇಲೆ ನಾಚಿಕೆ. ಮಕ್ಕಳಿಗೆ ಹೇಳಬೇಡಿ ಅಂತ ಅವಳು ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು. ಊಟವಾದ ಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಇಬ್ಬರೂ ಗುಸುಗುಸು ಮಾತಾಡುತ್ತಿದ್ದರಲ್ಲ, ನಾವು ಹೊರಗೆ ಒಬ್ಬರಿಗೊಬ್ಬರು ಕಣ್ಣು ಹೊಡೆದು ನಗುತ್ತಿದ್ದೆವಲ್ಲ, ಆಗ ಅಪ್ಪ ಅವಳಿಗೆ ಪತ್ರ ಓದಿ ಹೇಳುತ್ತಿದ್ದರಂತೆ. ಪತ್ರ, ಪೇಪರು, ಔಷಧಿ ಬಾಟಲಿಯ ಚೀಟಿ, ನಮ್ಮ ಪ್ರಗತಿ ಪತ್ರ, ಎಲ್ಲವನ್ನೂ. "ನಿಮ್ಮಪ್ಪ ಹೋದಾಗ ನನ್ನ ಓದೂ ಹೋಯ್ತು" ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು.

ಈಗ ನಿನಗೆ ಅರ್ಥವಾಗಿರಬೇಕು. ನಾಲಿಗೆ ಮೊದಲ ಅಕ್ಷರದಲ್ಲೇ ತೊಡರುತ್ತದೆ ಅಂತ ನೀನು ಚಿಕ್ಕವಳಿದ್ದಾಗಿನಿಂದ ಬೇಕಾದ್ದು ಬೇಡದ್ದು ಎಲ್ಲ ಚೀಟಿಯಲ್ಲಿ ಬರೆದು ಅಮ್ಮನ ಮುಂದೆ ಹಿಡಿಯುತ್ತಿದ್ದೆ. ಅಮ್ಮ ಅದನ್ನು ನೋಡಿಯೂ ನೋಡದೆ, ಅಪ್ಪನಿಗೆ ತೋರಿಸು ಅನ್ನುತ್ತಿದ್ದಳು. ನನ್ನ ಚೀಟಿ ಓದುವಷ್ಟೂ ಪುರುಸೊತ್ತಿಲ್ಲ ಅವಳಿಗೆ ಅಂತ ನೀನು ಎಷ್ಟು ಸಲ ಮುಖ ಊದಿಸಿಕೊಂಡಿದ್ದೀಯ. ನಾನೂ ಕಡಿಮೆಯವನಲ್ಲ. ಅಮ್ಮ ಒಮ್ಮೆ ಪೇಪರ್ ತಲೆಕೆಳಗಾಗಿ ಹಿಡಿದು ಕೂತಿದ್ದಳಲ್ಲ, ಅದನ್ನು ನನ್ನ ಮದುವೆಯ ಊಟದಲ್ಲಿ ನೂರು ಜನರ ಮುಂದೆ ಹೇಳಿ ನಗಿಸಿದ್ದೆ. ಅಮ್ಮನೂ ನಕ್ಕಳು. ತಡವಾಗಿ ನಕ್ಕಳೋ ಏನೋ, ಆಗ ಗಮನಿಸಿದವರು ಯಾರು?

ಮಗು ಒಬ್ಬಳೇ ಇದ್ದಾಳೆ ಅಂತ ಅಮ್ಮನೇ ನನ್ನನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ಈ ಸಲ ನಾನು ಒಂದು ಕುರ್ಚಿ ಬಿಟ್ಟು ಕೂತೆ. ಚಿನಕುರುಳಿ ಅಜ್ಜಿಯ ಕಿವಿಗೆ ಬಾಯಿಟ್ಟು ಒಂದೊಂದೇ ಸಾಲು ಓದಿ ಹೇಳಿದಳು, ಹಲ್ಲಿಲ್ಲದ ಸಂದಿಯಿಂದ ಉಸಿರು ಬಿಡುತ್ತಾ. ಹಿಂದಿನವರು ಶ್ ಅಂದಾಗ ಇನ್ನೂ ಸಣ್ಣ ದನಿ ಮಾಡಿದಳು, ನಿಲ್ಲಿಸಲಿಲ್ಲ. ಒಂದು ವರ್ಷದಿಂದ ಕಥೆ ಪುಸ್ತಕವನ್ನು ಮೊಮ್ಮಗಳು ಅಜ್ಜಿಗೆ ಓದಿ ಮಲಗಿಸುತ್ತಿದ್ದಾಳಂತೆ, ಅಜ್ಜಿ ಮೊಮ್ಮಗಳಿಗಲ್ಲ. ಏಳು ವರ್ಷದ ಮಗುವಿಗೆ ಗೊತ್ತಿದ್ದದ್ದು ನಲವತ್ತೊಂದು ವರ್ಷದ ಮಗನಿಗೆ ಗೊತ್ತಿರಲಿಲ್ಲ. ಮನೆಗೆ ಬರುವಾಗ ಅಮ್ಮ ಕೇಳಿದಳು, ಸಿನಿಮಾದ ಆ ಹುಡುಗಿಯ ಅಂಗಿಯ ತೋಳು ಮೊದಲು ಹರಿದಿತ್ತು, ಆಮೇಲೆ ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು, ಅಷ್ಟು ಚೆನ್ನಾದ ಅಡ್ಡಹೊಲಿಗೆ ಹಾಕಿಕೊಟ್ಟವರು ಯಾರು ಅಂತ. ನನಗೆ ತೋಳು ಹರಿದದ್ದೂ ಗೊತ್ತಿಲ್ಲ, ಹೊಲಿದದ್ದೂ ಗೊತ್ತಿಲ್ಲ. ನಾನು ಎರಡು ಗಂಟೆ ಕೂತು ಪರದೆಯ ಕೆಳಗಿನ ಸಾಲುಗಳನ್ನಷ್ಟೇ ಓದಿಕೊಂಡು ಬಂದಿದ್ದೆ.

ಮನೆಗೆ ಬಂದ ಮೇಲೆ ಅಮ್ಮ ಹೊಲಿಗೆ ಯಂತ್ರದ ಖಾನೆ ಎಳೆದು ನಿನ್ನ ಪತ್ರಗಳನ್ನು ಮೇಜಿನ ಮೇಲಿಟ್ಟಳು. ಅಪ್ಪ ಹೋದ ಮೇಲಿನ ಮೂರು ವರ್ಷದಲ್ಲಿ ಹನ್ನೊಂದು ಪತ್ರ. ಹತ್ತು ಒಡೆದೇ ಇಲ್ಲ. ಯಾವುದು ಮೊದಲು ಬಂತು ಯಾವುದು ಆಮೇಲೆ ಅಂತ ತಿಳಿಯಲಿ ಎಂದು ಒಂದೊಂದರ ಮೂಲೆಗೂ ದಾರದ ಹೊಲಿಗೆ ಹಾಕಿದ್ದಾಳೆ, ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಹನ್ನೊಂದನೆಯದು ಮಾತ್ರ ಒಡೆದಿದೆ. ಕಳೆದ ಚಳಿಗಾಲದಲ್ಲಿ ಒಂದು ದಿನ ತಡೆಯಲಾರದೆ ಅದನ್ನು ಮೊಮ್ಮಗಳ ಕೈಗೆ ಕೊಟ್ಟಳಂತೆ. ಮಗು ಮೊದಲ ಸಾಲು ಓದಿತು: ಅಮ್ಮಾ, ಇದನ್ನು ನೀನೊಬ್ಬಳೇ ಓದು. ಅಲ್ಲಿಗೇ ಸಾಕು ಅಂತ ಅಮ್ಮ ಕಿತ್ತುಕೊಂಡು ಲಕೋಟೆಯ ಬಾಯಿ ಹೊಲಿದುಬಿಟ್ಟಳು. ನೀನು ಹೇಳಿದ ಹಾಗೆಯೇ ನಡೆದುಕೊಂಡಿದ್ದಾಳೆ. ಓದಲು ಬಾರದವಳು ಒಬ್ಬಳೇ ಹೇಗೆ ಓದುತ್ತಾಳೆ?

ನನ್ನನ್ನು ಯಾಕೆ ಕೇಳಲಿಲ್ಲ ಅಂದೆ. ಮನೆಯ ಕಟ್ಟಳೆ ಇದೆಯಲ್ಲ ಅಂದಳು. ನಿನಗೆ ಗೊತ್ತಲ್ಲ, ಹೆಸರಿದ್ದವರದೇ ಪತ್ರ, ಕೈಗೆ ಕೊಟ್ಟ ಮೇಲೆ ಅಂಚೆಯವನ ಕಣ್ಣು ಬೀದಿಯ ಮೇಲಿರಬೇಕು. ಅಪ್ಪನ ಆ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ನಿನ್ನ ಹನ್ನೊಂದು ಪತ್ರವನ್ನೂ ಚೀಲದಿಂದ ತೆಗೆದು, ಸ್ವಂತ ಮನೆಯ ಬಾಗಿಲ ಗಂಟೆ ಒತ್ತಿ, ಅಮ್ಮನ ಕೈಗಿಟ್ಟು, ಮುಖ ತಿರುಗಿಸಿ ಸೈಕಲ್ಲು ಹತ್ತಿದೆ. ರಿಜಿಸ್ಟರ್ ಮಾಡಿದ ಎರಡಕ್ಕೆ ಪುಸ್ತಕದಲ್ಲಿ ಸಹಿಯನ್ನೂ ಹಾಕಿಸಿಕೊಂಡೆ. ಅಪ್ಪ ಕಲಿಸಿದ ಆ ಸಹಿಯೊಂದೇ ಅವಳಿಗೆ ಬರುವ ಬರಹ. ನನ್ನ ಬೀಟಿನಲ್ಲಿ ಒಬ್ಬ ಮುದಿ ಕಾವಲುಗಾರನಿದ್ದಾನೆ, ಕನ್ನಡಕ ಮರೆತು ಬಂದೆ ಸ್ವಾಮಿ ಅನ್ನುತ್ತಾನೆ; ಅಂದ ಮೊದಲ ದಿನವೇ ಅರ್ಥ ಮಾಡಿಕೊಂಡು ಅವನ ಪತ್ರಗಳನ್ನೆಲ್ಲ ಓದಿ ಹೇಳುತ್ತೇನೆ, ಎಲ್ಲರೂ ನನ್ನನ್ನು ದೇವರಂಥ ಮನುಷ್ಯ ಅನ್ನುತ್ತಾರೆ. ಅದೇ ಮಾತನ್ನು ಅಮ್ಮ ಇಷ್ಟು ವರ್ಷ ಹೇಳಿದರೂ, ಎಲ್ಲೆಂದರಲ್ಲಿ ಇಡುತ್ತೀಯ ಅಂತ ಬೈದು ಕನ್ನಡಕ ಹುಡುಕಿಕೊಟ್ಟೆ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವುದು ಇದಕ್ಕೇ.

ಕಟ್ಟಳೆಯೊಂದೇ ಅಲ್ಲ, ಇನ್ನೊಂದು ಭಯವೂ ಇತ್ತಂತೆ. ಅಪ್ಪ ಕೊಡಿಸಿದ ಅಂಚೆ ಕಚೇರಿಯ ಕೆಲಸ ಬಿಟ್ಟು ನೀನು ಗಾಜಿನ ಕೆಲಸಕ್ಕೆ ಹೊರಟ ದಿನ, ಹೊಸ್ತಿಲು ದಾಟಿದರೆ ತಿರುಗಿ ಬರಬೇಡ ಅಂತ ಅಪ್ಪ ಕೂಗಿದಾಗ ಅಮ್ಮ ಒಂದು ಮಾತೂ ಆಡಲಿಲ್ಲ. ಅದಕ್ಕೆ ನೀನು ಅವಳನ್ನು ಕ್ಷಮಿಸಿಲ್ಲ, ಪತ್ರದಲ್ಲಿ ಅದನ್ನೇ ಬರೆದಿರುತ್ತೀಯ ಅಂತ ಅವಳ ಎಣಿಕೆ. ಅದನ್ನು ನನ್ನ ಬಾಯಿಂದ, ನನ್ನ ಸಿಡುಕು ದನಿಯಲ್ಲಿ ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ತಪ್ಪೇನು? ಅಪ್ಪ ಹೋದ ಮಾರನೆಯ ದಿನ ನೀನು ಓಡಿ ಬಂದಾಗ ಗೇಟಿನಲ್ಲೇ ತಡೆದು, ಎಲ್ಲಾ ಮುಗಿದ ಮೇಲೆ ಬಂದೆಯಾ ಅಂದವನು ನಾನೇ ತಾನೇ. ನೀನು ಉತ್ತರಕ್ಕೆ ತಡವರಿಸುತ್ತಾ ನಿಂತೆ, ನಾನು ಕಾಯಲಿಲ್ಲ.

ಕೊನೆಯದಾಗಿ ನನಗೆ ಬಂದ ನಿನ್ನ ಕಾರ್ಡು. ತಿಂಗಳ ಕೊನೆಗೆ ಬೇರೆ ಊರಿನ ಕಾರ್ಖಾನೆಗೆ ಹೋಗುತ್ತಿದ್ದೇನೆ, ಅಮ್ಮ ನನ್ನ ಪತ್ರ ಓದಿದಳಾ ಇಲ್ಲವಾ ಅಷ್ಟು ಹೇಳು, ಓದಿಯೂ ಸುಮ್ಮನಿದ್ದಾಳೆ ಅಂದರೆ ಹೊಸ ವಿಳಾಸ ಯಾರಿಗೂ ಕೊಡುವುದಿಲ್ಲ ಅಂತ ಬರೆದಿದ್ದೆ. ನಾನು ಏನು ಬರೆದೆ? ಎಲ್ಲ ಪತ್ರಗಳೂ ಅವಳ ಕೈಗೆ ತಲುಪಿವೆ, ಉತ್ತರ ಕೊಡುವುದು ಬಿಡುವುದು ಅವಳ ಇಷ್ಟ. ಎರಡು ಸಾಲು. ಕಚೇರಿಯ ಕೌಂಟರಿನಲ್ಲಿ ನಿಂತು ಬರೆದು, ಮೊಹರು ಒತ್ತಿ, ನ್ಯಾಯವಾಗಿ ನಡೆದುಕೊಂಡೆ ಅಂತ ಟೀ ಕುಡಿದೆ. ಆ ಎರಡು ಸಾಲನ್ನು ಹಿಂದಕ್ಕೆ ತರುವ ವಿದ್ಯೆ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ನನಗೆ ಯಾರೂ ಕಲಿಸಿಲ್ಲ. ಅವಳು ಓದಿಲ್ಲ, ಗುಂಡಿ. ಒಂದನ್ನೂ ಓದಿಲ್ಲ. ನಿನ್ನ ಮೇಲಿನ ಸಿಟ್ಟಿನಿಂದ ಅಲ್ಲ. ನನ್ನನ್ನು ಬೈಯುವುದಿದ್ದರೆ ಧಾರಾಳವಾಗಿ ಬೈಯಿ, ತಪ್ಪನ್ನು ಅವಳ ಮೇಲೆ ಮಾತ್ರ ಹಾಕಬೇಡ.

ಒಂದು ಬೇಡಿಕೆ. ನೀನು ಹೂಂ ಅಂತ ಒಂದು ಸಾಲು ಬರೆದರೆ, ಅಪ್ಪ ಮಾಡುತ್ತಿದ್ದ ಹಾಗೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ನಾನೇ ಹನ್ನೊಂದನ್ನೂ ಅಮ್ಮನಿಗೆ ಓದಿ ಹೇಳುತ್ತೇನೆ. ಓದಿದ್ದನ್ನು ಅಲ್ಲೇ ಮರೆಯುತ್ತೇನೆ, ಅದರಲ್ಲಿ ನನ್ನ ಬಗ್ಗೆ ಏನೇ ಇರಲಿ. ಸಿಡುಕುವುದಿಲ್ಲ. ಬೇಡ ಅಂದರೆ ಮುಟ್ಟುವುದಿಲ್ಲ. ನಿನ್ನ ಉತ್ತರ ಬರುವ ತನಕ ಅವು ಅಮ್ಮನ ಖಾನೆಯಲ್ಲೇ ಇರುತ್ತವೆ. ಹೊಸ ವಿಳಾಸವನ್ನು ಮಾತ್ರ ಕೊಡದೆ ಇರಬೇಡ.

ಅತ್ತಿಗೆ ನಿನ್ನನ್ನು ಕೇಳಿದಳು ಅಂತ ತಿಳಿಸಲು ಹೇಳಿದ್ದಾಳೆ. ಚಿನಕುರುಳಿ ಮೀಸೆಯ ಮೀನಿನ ಚಿತ್ರ ಬರೆದು ಇದರ ಜೊತೆ ಇಟ್ಟಿದ್ದಾಳೆ, ಗಾಜಿನಲ್ಲಿ ಹೀಗೊಂದು ಊದಿಕೊಡಬೇಕಂತೆ. ಮೈ ಕೈ ಜೋಪಾನ ತಾಯಿ.

ನಿನಗೆ ಮುಖ ತೋರಿಸಲು ನಾಚುವ
ಅಣ್ಣ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅಮ್ಮ ಬಂದು, ಏನು ಬರೆದಿದ್ದೀಯ ಓದು ಅಂದಳು. ಪೂರ್ತಿ ಓದಿದೆ. ಅವಳಿಗೆ ನಾನು ಓದಿ ಹೇಳಿದ ಮೊದಲ ಪತ್ರ ಇದೇ. ಕೇಳಿಸಿಕೊಂಡು, ಆ ಬೇಡಿಕೆ ಗೀಡಿಕೆ ಬೇಡ ಅಂದಳು. "ಬರೆದವಳೇ ಓದ್ಲಿ. ನಂಗೆ ಅವಳ ಬಾಯಿಂದ ಕೇಳ್ಬೇಕು." ಆಮೇಲೆ ಈ ಹಾಳೆಗಳನ್ನೂ ನನ್ನ ಕೈಯಿಂದ ಕಿತ್ತುಕೊಂಡು ಚೀಲಕ್ಕೆ ಹಾಕಿಕೊಳ್ಳಲು ನೋಡುತ್ತಿದ್ದಾಳೆ, ಬರೆಯಲೂ ಬಿಡುತ್ತಿಲ್ಲ. ನಾಲ್ಕು ಗಂಟೆಯ ರೈಲು. ಒಬ್ಬಳೇ ಬರುತ್ತಾಳಂತೆ, ಲಕೋಟೆಯ ವಿಳಾಸ ತೋರಿಸಿ ದಾರಿ ಕೇಳುತ್ತಾಳಂತೆ, ನಾನು ಜೊತೆಗೆ ಬರುವುದು ಬೇಡವಂತೆ. ಹಾಗಾಗಿ ನೀನು ಇದನ್ನು ಓದುವಾಗ ಅವಳು ನಿನ್ನ ಎದುರಿಗೇ ನಿಂತಿರುತ್ತಾಳೆ. ಇದನ್ನು ಆಚೆಗಿಟ್ಟು ಅವಳನ್ನು ಒಳಗೆ ಕರೆ. ಚೀಲದಲ್ಲಿ ಹನ್ನೊಂದೂ ಇವೆ. ಎಷ್ಟು ಹೊತ್ತಾದರೂ ಪರವಾಗಿಲ್ಲವಂತೆ, ನಿಧಾನವಾಗಿಯೇ ಓದಬೇಕಂತೆ.